ಬೇವಿನ ಮರದ ಗಿಳಿ ಯಾವ ಊರಿನದು?

ಪ್ರೀತಿಯ ತಂಗಿ,

ನಿಮ್ಮ ಪತ್ರ ಬಂದು ಮೂರು ವಾರವಾಯಿತು. ‘ಅಣ್ಣಾ’ ಎಂದು ಬರೆದಿದ್ದೀರಿ, ಹಾಗಾಗಿ ನಾನೂ ತಂಗಿ ಎಂದೇ ಕರೆಯುತ್ತೇನೆ. ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕಿಲ್ಲ. ಉತ್ತರವನ್ನು ಮಾತ್ರ ಪತ್ರಿಕೆಯಲ್ಲೇ ಕೊಡುತ್ತಿದ್ದೇನೆ. ಬಳ್ಳಾರಿ, ಕೊಪ್ಪಳ, ರಾಯಚೂರಿನ ಎಷ್ಟೋ ಮನೆಗಳ ಮಕ್ಕಳು ಈಗ ಹೊರದೇಶದಲ್ಲಿದ್ದಾರೆ. ಅವರೂ ಓದಲಿ, ಅವರ ಅಪ್ಪ ಅಮ್ಮಂದಿರೂ ಓದಲಿ ಅನ್ನಿಸಿತು.

ನಿಮ್ಮ ಪತ್ರ ನೋಡದವರಿಗಾಗಿ ಅದರ ಸಾರ ಹೇಳಿಬಿಡುತ್ತೇನೆ. ನೀವು ಬಳ್ಳಾರಿ ಹತ್ತಿರದ ಮೋಕಾ ಕಡೆಯವರು. ನೆದರ್ಲೆಂಡ್ಸ್‌ನ ಹೇಗ್ ನಗರಕ್ಕೆ ಹೋಗಿ ಹನ್ನೊಂದು ವರ್ಷವಾಗಿದೆ. ಹೋದ ವರ್ಷ ಅಲ್ಲಿಯ ಪೌರತ್ವ ತೆಗೆದುಕೊಂಡಿರಿ. ನಿಮ್ಮ ಭಾರತದ ಪಾಸ್‌ಪೋರ್ಟು ರದ್ದಾಯಿತು ಎಂಬ ಮುದ್ರೆ ಬಿದ್ದು ವಾಪಸ್ ಬಂತು. ಅಂದಿನಿಂದ ಎಲ್ಲಿ ಹೋದರೂ ಕಣ್ಣು ಊರಿನ ಗುರುತನ್ನೇ ಹುಡುಕುತ್ತದೆ. ನವೆಂಬರ್ ಚಳಿಯಲ್ಲಿ, ಎಲೆ ಉದುರಿದ ಮರದ ಮೇಲೆ ಹಸಿರು ಗಿಳಿಗಳು ಕಿರುಚುವುದು ಕೇಳಿ ಸೈಕಲ್ ನಿಲ್ಲಿಸಿ ನಿಂತುಬಿಟ್ಟಿರಿ. ರೊಟ್ಟಿ ಮಾರುವ ಅಂಗಡಿಯ ಮುದುಕರೊಬ್ಬರು ‘ನಾವೂ ಹಿಂದೂಸ್ತಾನಿಗಳೇ’ ಅಂದರು. ಇನ್ನೊಂದು ದಿನ ಜೋಳದ ಹಿಟ್ಟಿನ ಪ್ಯಾಕೆಟ್ಟು ಕೈಯಲ್ಲಿತ್ತು. ಸುಡಾನ್ ದೇಶದ ಹೆಣ್ಣುಮಗಳೊಬ್ಬರು ಅದನ್ನು ಮುಟ್ಟಿ ನೋಡಿ ‘ಇದು ನಮ್ಮ ದುರಾ’ ಅಂದರು. ಅವರು ನಿಮ್ಮ ಓಣಿಯವರೇ ಎಂದು ಆಮೇಲೆ ಗೊತ್ತಾಯಿತು. ಇದನ್ನೆಲ್ಲ ಮನೆಯಲ್ಲಿ ಹೇಳಿದರೆ ನಿಮ್ಮ ಯಜಮಾನರು ‘ನೀನು ಇಲ್ಲಿ ಇದ್ದೂ ಇಲ್ಲ’ ಅನ್ನುತ್ತಾರೆ.

ಪತ್ರದ ಕೊನೆಯ ಪುಟ ಓದಿ ನಾನು ಸ್ವಲ್ಪ ಹೊತ್ತು ಸುಮ್ನೆ ಕೂತೆ. ಈ ಜುಲೈನಲ್ಲಿ ಊರಿಗೆ ಬಂದಾಗ, ಅಜ್ಜಿ ಮನೆ ಮುಂದಿನ ಬೇವಿನ ಮರದಲ್ಲಿ ಗಿಳಿಗಳನ್ನು ನೋಡಿ ಎಂಟು ವರ್ಷದ ನಿಮ್ಮ ಮಗಳು ಕೂಗಿದಳು: ‘ಅಮ್ಮಾ, ನಮ್ಮೂರ ಗಿಳಿ ಇಲ್ಲಿಗೂ ಬಂದಾವೆ!’ ಮನೆಯವರೆಲ್ಲ ನಕ್ಕರು. ನಿಮಗೆ ಆ ರಾತ್ರಿ ನಿದ್ದೆ ಬರಲಿಲ್ಲ. ‘ಅಣ್ಣಾ, ನನಗೆ ಕಾಣುವುದೆಲ್ಲ ನಿಜವಾಗಿ ಅಲ್ಲಿದೆಯಾ, ಇಲ್ಲ ನನ್ನ ಹಂಬಲವೇ ಹಾಗೆ ಕಾಣಿಸುತ್ತಿದೆಯಾ? ಹುಡುಕುವುದನ್ನು ಬಿಟ್ಟುಬಿಡಲೇ?’ ಎಂದು ಕೇಳಿದ್ದೀರಿ. ರೊಟ್ಟಿ ಹರಿಯುತ್ತದೆ, ಏನು ಮಾಡಲಿ ಎಂದೂ ಕೇಳಿದ್ದೀರಿ. ರೊಟ್ಟಿಯ ವಿಷಯಕ್ಕೆ ಕೊನೆಗೆ ಬರುತ್ತೇನೆ.

ಬಿಡಬೇಡಿ ತಂಗಿ. ಆದರೆ ಗುರುತು ಕಂಡ ಕೂಡಲೇ ‘ಅಯ್ಯೋ, ನಮ್ಮೂರು’ ಎಂದು ಅಲ್ಲಿಗೇ ನಿಲ್ಲಬೇಡಿ. ಇದು ಇಲ್ಲಿಗೆ ಹೇಗೆ ಬಂತು, ಯಾರು ತಂದರು ಎಂದು ಕೇಳುತ್ತಾ ಹೋಗಿ. ನನಗೆ ಇದನ್ನು ಕಲಿಸಿದ್ದು ಸಿಂಧನೂರಿನ ಒಬ್ಬ ಅಜ್ಜಿ. ಅವರ ಕಥೆ ಹೇಳುವ ಮೊದಲು ಗಿಳಿಯ ಮಾತು ಮುಗಿಸುತ್ತೇನೆ.

ಗಿಳಿ ನಿಜವಾಗಿಯೂ ಅಲ್ಲಿದೆ. ಕೊರಳಲ್ಲಿ ಕೆಂಪು ಪಟ್ಟಿ ಇರುವ ನಮ್ಮ ಗಿಳಿಯ ಜಾತಿಯೇ ಅದು. ಹೇಗ್‌ನಲ್ಲಿ 1960ರ ದಶಕದ ಕೊನೆಯಿಂದ ಮರಿ ಮಾಡುತ್ತಿದೆ. ಲಂಡನ್‌ನಲ್ಲಿ, ಬ್ರಸೆಲ್ಸ್‌ನಲ್ಲಿ ಸಾವಿರಾರು ಇವೆ. ಅವು ತಾವಾಗಿ ಹಾರಿಕೊಂಡು ಹೋಗಿದ್ದಲ್ಲ. ಇಲ್ಲಿ ಹಿಡಿದು, ಪಂಜರದಲ್ಲಿ ತುಂಬಿ, ಅಲ್ಲಿ ಮಾರಿದರು. ಕೆಲವು ತಪ್ಪಿಸಿಕೊಂಡವು, ಕೆಲವನ್ನು ಸಾಕಿದವರೇ ಬಿಟ್ಟರು. ಯುರೋಪಿನ ಗಿಳಿಗಳ ಡಿಎನ್ಎ ಪರೀಕ್ಷಿಸಿದವರು, ಅವುಗಳ ಮೂಲ ಜಾಸ್ತಿ ಪಾಕಿಸ್ತಾನ ಮತ್ತು ಉತ್ತರ ಭಾರತದ ಕಡೆಯದು ಎಂದು ಕಂಡುಕೊಂಡಿದ್ದಾರೆ. ಆ ಕಡೆ ಚಳಿ ಜೋರು, ಅಲ್ವಾ, ಅದಕ್ಕೇ ಯುರೋಪಿನ ಚಳಿಯನ್ನೂ ತಡೆದುಕೊಂಡಿರಬೇಕು. ಅಂದರೆ ನೀವು ನೋಡಿದ್ದು ಮೋಕಾದ ಗಿಳಿಯಲ್ಲ, ಅದರ ದೂರದ ನೆಂಟ. ಹೇಗ್ ನಗರದ ಜನ ಚಳಿಗಾಲದಲ್ಲಿ ಹಕ್ಕಿಗಳಿಗೆಂದು ಶೇಂಗಾ ಕಾಯಿಯನ್ನು ದಾರಕ್ಕೆ ಪೋಣಿಸಿ ಮರಕ್ಕೆ ತೂಗುಹಾಕುತ್ತಾರೆ. ಗಿಳಿಗಳೂ ಅದನ್ನು ತಿಂದು ಚಳಿಗಾಲ ಕಳೆಯುತ್ತವೆ. ಕಾಡಿನ ಹಕ್ಕಿಗಳನ್ನು ಹಿಡಿದು ತರುವುದನ್ನು ಯುರೋಪು 2007ರಲ್ಲಿ ನಿಲ್ಲಿಸಿತು. ಈಗ ಅಲ್ಲಿ ಹಾರಾಡುವವು ಅಲ್ಲೇ ಮೊಟ್ಟೆಯೊಡೆದು ಬಂದವು.

ಗಿಳಿಯ ಕಿರುಚಾಟ ಕೇಳಿದರೆ ನನಗೆ ಸೈಕಲ್ ಅಲ್ಲ, ಕವಣೆ ನೆನಪಾಗುತ್ತದೆ. ನಮ್ಮ ಹೊಲ ಯಲಬುರ್ಗಾ ಕಡೆ. ಹಿಂಗಾರಿ ಬಿಳಿಜೋಳ ತೆನೆ ಕಟ್ಟಿದ ಮೇಲೆ ಹುಡುಗರಾದ ನಮ್ಮನ್ನು ಹಕ್ಕಿ ಕಾಯಲು ಅಟ್ಟಣಿಗೆ ಹತ್ತಿಸುತ್ತಿದ್ದರು. ಬೆಳಿಗ್ಗೆ ಒಂದು ಹಿಂಡು, ಸಂಜೆ ಒಂದು ಹಿಂಡು. ಡಬ್ಬಿ ಬಡಿದು ಬಡಿದು ಕೈ ಸೋಲುತ್ತಿತ್ತು. ಅವು ತೆನೆಯನ್ನು ಕಾಲಲ್ಲಿ ಹಿಡಿದು ತಿನ್ನುವ ಚೆಂದ ನೋಡುತ್ತಾ ಕವಣೆ ಬೀಸುವುದನ್ನೇ ಮರೆತು ಅಪ್ಪನ ಹತ್ತಿರ ಬೈಸಿಕೊಂಡಿದ್ದೇನೆ. ಗಿಳಿ ಮತ್ತು ಜೋಳ ನನ್ನ ತಲೆಯಲ್ಲಿ ಯಾವತ್ತೂ ಬೇರೆ ಬೇರೆ ಬರುವುದಿಲ್ಲ. ನಿಮ್ಮ ಪತ್ರದಲ್ಲೂ ಎರಡೂ ಒಟ್ಟಿಗೇ ಬಂದಿವೆ.

ಜೋಳದ ವಿಷಯದಲ್ಲಿ ಆ ಸುಡಾನಿನ ಹೆಣ್ಣುಮಗಳು ಹೇಳಿದ್ದು ನಿಜ. ಅದು ಅವರದೇ. ನಿಮಗೆ ಆ ಕ್ಷಣ ‘ಇಲ್ಲಾರೀ, ಇದು ನಮ್ಮದು’ ಎಂದು ಹೇಳಬೇಕು ಅನ್ನಿಸಿತು ಎಂದು ಬರೆದಿದ್ದೀರಿ. ನನಗೂ ಅನ್ನಿಸುತ್ತಿತ್ತು. ಎರೆಹೊಲದಲ್ಲಿ ಹುಟ್ಟಿ ಬೆಳೆದವರಿಗೆ ಜೋಳಕ್ಕಿಂತ ನಮ್ಮದು ಅನ್ನುವುದು ಬೇರೆ ಏನಿದೆ! ಆದರೆ ಜೋಳವನ್ನು ಮೊದಲು ಹೊಲದ ಬೆಳೆ ಮಾಡಿಕೊಂಡವರು ಪೂರ್ವ ಸುಡಾನಿನ ಜನ. ಅಲ್ಲಿ ಸಿಕ್ಕ ಹಳೆಯ ಮಡಕೆ ಚೂರುಗಳಲ್ಲಿ, ಜೇಡಿಮಣ್ಣಿಗೆ ಬೆರೆಸಿದ್ದ ಜೋಳದ ಹೊಟ್ಟಿನ ಅಚ್ಚು ಉಳಿದಿದೆ. ಐದು ಸಾವಿರ ವರ್ಷದಷ್ಟು ಹಳೆಯದು. 2017ರಲ್ಲಿ ಅದನ್ನು ಪ್ರಕಟಿಸಿದರು. ಅಲ್ಲಿಂದ ಜೋಳ ನಮ್ಮ ದೇಶಕ್ಕೆ ಬಂದು ಸುಮಾರು ನಾಲ್ಕು ಸಾವಿರ ವರ್ಷವಾಗಿರಬಹುದು.

ನಿಮಗೆ ಸಂಗನಕಲ್ಲು ಗೊತ್ತು. ಬಳ್ಳಾರಿಯಿಂದ ಕೂಗಳತೆ. ಅಲ್ಲಿಯ ಗುಡ್ಡದ ಮೇಲೆ ಕಲ್ಲಿನ ಕೊಡಲಿ ಮಾಡುತ್ತಿದ್ದ ಜನ ಏನು ಉಣ್ಣುತ್ತಿದ್ದರು ಎಂದು ಸುಟ್ಟು ಕರಿಯಾದ ಕಾಳುಗಳಿಂದ ಪತ್ತೆ ಮಾಡಿದ್ದಾರೆ. ಹುರುಳಿ, ಹೆಸರು, ಕೊರಲೆಯಂಥ ಸಣ್ಣ ಕಾಳು. ನಮ್ಮ ನೆಲದ ಹಳೆಯ ಊಟ ಅದು. ರೊಟ್ಟಿ ಆಮೇಲೆ ಬಂದದ್ದು. ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಚಟ್ನಿಯ ಶೇಂಗಾ ದಕ್ಷಿಣ ಅಮೆರಿಕದ್ದು. ಕೆಂಪು ಖಾರದ ಮೆಣಸಿನಕಾಯಿಯೂ ಅಮೆರಿಕ ಖಂಡದ್ದೇ, ಅದು ಪೋರ್ಚುಗೀಸರ ಹಡಗಿನಲ್ಲಿ ಬಂತು. ಎಣ್ಣೆಗಾಯಿಯ ಬದನೆ ಮಾತ್ರ ಏಷ್ಯಾದ್ದು. ಇದನ್ನು ಹೇಳಿದರೆ ಕೆಲವರಿಗೆ ಬೇಜಾರಾಗುತ್ತದೆ, ನಮ್ಮದನ್ನು ಕಿತ್ತುಕೊಂಡ ಹಾಗೆ. ನನಗೆ ಹಾಗಾಗುವುದಿಲ್ಲ. ಹಡಗಿನಲ್ಲಿ, ಕಂಕುಳಲ್ಲಿ, ಸೀರೆಯ ಸೆರಗಿನಲ್ಲಿ ಯಾರೋ ನಾಲ್ಕು ಕಾಳು ಕಟ್ಟಿಕೊಂಡು ಬಂದರು, ಅದನ್ನು ನಮ್ಮ ಅಜ್ಜಿಯರು ಎರೆಮಣ್ಣಿಗೆ ಒಗ್ಗಿಸಿದರು ಎಂದು ನೆನೆಸಿಕೊಂಡರೆ ರೊಟ್ಟಿಯ ಮೇಲೆ ಗೌರವ ಜಾಸ್ತಿಯಾಗುತ್ತದೆ.

ಅಂಗಡಿಯ ಮುದುಕರ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಅವರು ಸುರಿನಾಮ್‌ನಿಂದ ಬಂದವರ ಪೈಕಿ ಇರಬೇಕು. ದಕ್ಷಿಣ ಅಮೆರಿಕದಲ್ಲಿ ಡಚ್ಚರ ಕೈಯಲ್ಲಿದ್ದ ನಾಡು ಅದು. 1873ರಲ್ಲಿ ‘ಲಾಲಾ ರೂಖ್’ ಎಂಬ ಹಡಗು ಭೋಜ್‌ಪುರಿ ಸೀಮೆಯ ಕೂಲಿ ಜನರನ್ನು ಕಲ್ಕತ್ತಾದಿಂದ ಅಲ್ಲಿಗೆ ಒಯ್ದಿತು. 1916ರವರೆಗೆ ಮೂವತ್ತು ಸಾವಿರಕ್ಕೂ ಜಾಸ್ತಿ ಜನರನ್ನು ಹೀಗೆ ಒಯ್ದರು. 1975ರಲ್ಲಿ ಸುರಿನಾಮ್ ಸ್ವತಂತ್ರವಾದಾಗ ಅವರ ಮೊಮ್ಮಕ್ಕಳು, ಮರಿಮಕ್ಕಳು ಬಹಳ ಮಂದಿ ನೆದರ್ಲೆಂಡ್ಸ್‌ಗೆ ಬಂದರು. ಎರಡು ಸಮುದ್ರ ದಾಟಿದ ಮೇಲೂ ಅವರ ಕೈಯಲ್ಲಿ ರೊಟ್ಟಿ ಉಳಿದಿದೆ. ಮುಂದಿನ ಸಲ ಹೋದಾಗ ಅವರ ಮುತ್ತಜ್ಜಿ ಯಾವ ಜಿಲ್ಲೆಯಿಂದ ಹೊರಟಿದ್ದರು ಎಂದು ಕೇಳಿ. ಹಾಗೆ ಕೇಳುವವರು ಅವರಿಗೆ ಸಿಕ್ಕಿರಲಿಕ್ಕಿಲ್ಲ.

ಈಗ ಸಿಂಧನೂರಿನ ಅಜ್ಜಿ.

ನಿಮಗೆ ಗೊತ್ತು, ನಮ್ಮ ಕಾಲುವೆ ಸೀಮೆಯಲ್ಲಿ ಊರಿನ ಹೆಸರಿನ ಹಿಂದೆ ‘ಕ್ಯಾಂಪ್’ ಇರುವುದು ಮಾಮೂಲು. ತುಂಗಭದ್ರಾ ಅಣೆಕಟ್ಟಿನ ನೀರು 1953ರಿಂದ ಹರಿಯತೊಡಗಿದ ಮೇಲೆ ಆಂಧ್ರದ ರೈತರು ಬಂದು ಭತ್ತ ಹಚ್ಚಿದರು, ಕ್ಯಾಂಪ್ ಕಟ್ಟಿದರು. ಸಿಂಧನೂರು ತಾಲ್ಲೂಕಿನ ಆರ್.ಎಚ್., ಅಂದರೆ ಪುನರ್ವಸತಿ, ಕ್ಯಾಂಪ್‌ಗಳು ಅದಕ್ಕಿಂತ ಬೇರೆ. ಪೂರ್ವ ಪಾಕಿಸ್ತಾನದಿಂದ, ಅಂದರೆ ಈಗಿನ ಬಾಂಗ್ಲಾದೇಶದಿಂದ, ಎಲ್ಲ ಬಿಟ್ಟು ಓಡಿಬಂದ ಬಂಗಾಳಿಗಳಿಗೆ ಸರ್ಕಾರ ಅಲ್ಲಿ ಜಾಗ ಕೊಟ್ಟಿತು. ದೊಡ್ಡ ದೊಡ್ಡ ನದಿಗಳ ನಾಡಿನಿಂದ ಬಂದವರು ಎಡದಂಡೆ ಕಾಲುವೆಯ ಪಕ್ಕ, ನಮ್ಮ ಬಿಸಿಲಿನಲ್ಲಿ ಇಳಿದರು. ಅರ್ಧ ಶತಮಾನ ಕಳೆದರೂ ಹೆಸರು ಕ್ಯಾಂಪ್ ಎಂದೇ ಉಳಿದಿದೆ.

ಕೆಲವು ವರ್ಷಗಳ ಹಿಂದೆ ಒಂದು ಲೇಖನಕ್ಕೆಂದು ಅಲ್ಲಿಗೆ ಹೋಗಿದ್ದೆ. ಪೌರತ್ವದ ಕಾಗದದ ವಿಷಯ ಬರೆಯಬೇಕಿತ್ತು. ಅಲ್ಲಿಯ ಹಲವರು ಆ ಕಾಗದಕ್ಕಾಗಿ ದಶಕಗಳ ಕಾಲ ಕಾದವರು. ನಿಮ್ಮ ಪತ್ರ ಓದುವಾಗ ಅದು ನೆನಪಾಯಿತು. ನಿಮ್ಮ ಕೈಗೆ ಕಾಗದ ಬಂತು, ಊರು ದೂರವಾಯಿತು. ಅವರಿಗೆ ಊರು ಹೋದ ಮೇಲೆ ಕಾಗದವೂ ಇರಲಿಲ್ಲ.

ಆ ಅಜ್ಜಿಗೆ ಎಂಬತ್ತು ದಾಟಿತ್ತು. ಕನ್ನಡ ಚೆನ್ನಾಗಿ ಬರುತ್ತಿತ್ತು, ನಮ್ಮ ರಾಯಚೂರು ಕಡೆಯ ಕನ್ನಡವೇ. ಮನೆ ಮುಂದೆ ಸಾರಿಸಿದ ಅಂಗಳ, ತುಳಸಿ ಕಟ್ಟೆ. ನಾನು ಕಾಗದದ ಮಾತು ಎತ್ತಿದರೆ ಅವರು ಅದನ್ನು ಬಿಟ್ಟು ಹಳ್ಳದ ದಂಡೆಯ ಕಡೆ ಕೈ ತೋರಿಸಿದರು. ಅಲ್ಲಿ ಈಚಲ ಮರಗಳಿದ್ದವು. ‘ಅದನ್ನ ನೋಡಿ ನಾನು ಅಳೋದು ನಿಲ್ಸಿದ್ದೆ’ ಅಂದರು.

ನಮಗೆ ಈಚಲು ಎಂದರೆ ಪೊರಕೆ, ಚಾಪೆ, ಶೇಂದಿ. ಬಂಗಾಳದಲ್ಲಿ ಅದೇ ಮರ, ಅದೇ ಜಾತಿ. ಅವರು ಅದನ್ನು ಖೆಜೂರ್ ಎನ್ನುತ್ತಾರೆ. ಚಳಿಗಾಲದ ರಾತ್ರಿ ಮರಕ್ಕೆ ಮಡಕೆ ಕಟ್ಟಿ ರಸ ಇಳಿಸಿ, ಬೆಳಗಾಗುವುದರೊಳಗೆ ಅದನ್ನು ಕಾಯಿಸಿ ಬೆಲ್ಲ ಮಾಡುತ್ತಾರೆ. ಹೊಸ ಬೆಲ್ಲದ ವಾಸನೆಗೆ ಊರೇ ಏಳುತ್ತಿತ್ತಂತೆ. ಕ್ಯಾಂಪಿಗೆ ಬಂದ ಮೊದಲ ಚಳಿಗಾಲ ಅಜ್ಜಿಯ ಗಂಡ ಹಳ್ಳದ ದಂಡೆಯ ಮರಕ್ಕೆ ಮಡಕೆ ಕಟ್ಟಿದರು. ಶೇಂದಿ ಇಳಿಸಲು ಬಂದಿದ್ದಾರೆ ಎಂದು ಪಕ್ಕದ ಹಳ್ಳಿಯವರು ಜಗಳಕ್ಕೆ ಬಂದರು. ಭಾಷೆ ಬಾರದು. ಅಜ್ಜಿ ಒಲೆ ಹಚ್ಚಿ, ಅವರ ಎದುರೇ ರಸ ಕಾಯಿಸಿ, ಅಂಗೈಯಗಲ ಬೆಲ್ಲ ಮಾಡಿ ಕೊಟ್ಟರು. ಬಾಯಿಗೆ ಹಾಕಿಕೊಂಡ ಮೇಲೆ ಅವರೂ ಅಲ್ಲೇ ಕೂತರು. ಅವರಲ್ಲಿ ಒಬ್ಬರ ಮನೆಯಿಂದ ಮರುದಿನ ರೊಟ್ಟಿ ಬಂತು. ಅಜ್ಜಿ ಮೊದಲ ಸಲ ಜೋಳದ ರೊಟ್ಟಿ ತಿಂದದ್ದು ಆ ಬೆಲ್ಲದ ಜೊತೆ.

‘ಈಗ ನಿಮ್ಮ ದೇಶ ಯಾವುದು ಅಜ್ಜಿ?’ ಎಂದು ಕೇಳಿದೆ. ಪತ್ರಿಕೆಯವರು ಕೇಳುವ ಪ್ರಶ್ನೆ ಅದು, ಇವತ್ತು ಕೇಳುವುದಿಲ್ಲ. ಬಂಗಾಳಿಯಲ್ಲಿ ‘ದೇಶ’ ಎಂದರೆ ಹುಟ್ಟಿದ ಹಳ್ಳಿಗೂ ಅನ್ನುತ್ತಾರೆ ಎಂದು ಆಗ ನನಗೆ ಗೊತ್ತಿರಲಿಲ್ಲ. ಅಜ್ಜಿ ತಮ್ಮ ಹಳ್ಳಿಯ ಹೆಸರು ಹೇಳಿದರು. ಆಮೇಲೆ ಕ್ಯಾಂಪಿನ ನಂಬರು ಹೇಳಿದರು. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದರು.

ತಂಗಿ, ಇವರನ್ನು ಯಾರಾದರೂ ‘ಇಲ್ಲಿದ್ದೂ ಇಲ್ಲ’ ಅಂದರೆ ನಾನು ಒಪ್ಪುವುದಿಲ್ಲ. ಹಳ್ಳದ ದಂಡೆಯ ಈಚಲನ್ನು ಅಷ್ಟು ಗಮನವಿಟ್ಟು ನೋಡಿದವರು ಆ ಊರಿನಲ್ಲಿ ಬೇರೆ ಯಾರಿದ್ದರು? ನಿಮ್ಮ ಯಜಮಾನರಿಗೂ ಇದನ್ನು ಓದಿಸಿ. ಅವರ ಮಾತಿನ ಹಿಂದಿನ ಕಾಳಜಿ ನನಗೆ ಅರ್ಥವಾಗುತ್ತದೆ. ನೀವು ಕೊರಗುತ್ತೀರೇನೋ ಎಂದು ಅವರಿಗೆ ಭಯ. ಆದರೆ ಗಿಳಿಗಾಗಿ ಸೈಕಲ್ ನಿಲ್ಲಿಸಿದ ದಿನ ಹೇಗ್‌ನ ಆ ಮರವನ್ನೂ ನೀವು ಸರಿಯಾಗಿ ನೋಡಿದಿರಿ. ಅದು ಯಾವ ಮರ, ಅದರ ತೊಗಟೆ ಹೇಗಿತ್ತು ಎಂದು ಅರ್ಧ ಪುಟ ಬರೆದಿದ್ದೀರಲ್ಲ!

ನಮ್ಮ ನಾಡಿಗೆ ಬಂದ ಪರದೇಶದವರೂ ಹೀಗೇ ನೋಡಿದವರು. ಕೃಷ್ಣದೇವರಾಯನ ಕಾಲದಲ್ಲಿ ಪೋರ್ಚುಗಲ್‌ನಿಂದ ಬಂದ ಪಾಯೆಸ್ ಹಂಪಿಯ ಬೆಟ್ಟ ಹತ್ತಿ, ಕಂಡಷ್ಟು ಊರೇ ರೋಮ್‌ನಷ್ಟು ದೊಡ್ಡದು ಎಂದು ಬರೆದ. 1443ರಲ್ಲಿ ಹೆರಾತ್‌ನಿಂದ ಬಂದ ಅಬ್ದುರ್ ರಜಾಕ್ ಬೀದಿ ಬೀದಿಯಲ್ಲಿ ಗುಲಾಬಿ ಮಾರುವುದನ್ನು ನೋಡಿ, ಈ ಜನಕ್ಕೆ ಗುಲಾಬಿ ಇಲ್ಲದೆ ಬದುಕಲಾಗದು, ಊಟದಷ್ಟೇ ಮುಖ್ಯ ಎಂದು ಬರೆದ. ಹಂಪಿಯ ಬಜಾರಿನಲ್ಲಿ ಮುತ್ತು ರತ್ನ ಇದ್ದಾಗಲೂ ಅವನ ಕಣ್ಣು ಗುಲಾಬಿಯ ಮೇಲೆ ನಿಂತಿತು. ಆನೆಗೊಂದಿಗೆ ಹೋದಾಗಲೆಲ್ಲ ನನಗೆ ಈ ಇಬ್ಬರ ನೆನಪಾಗುತ್ತದೆ. ನಮ್ಮ ಊರಿನ ಬಗ್ಗೆ ನಮಗೆ ಇಷ್ಟೊಂದು ತಿಳಿದಿರುವುದು ಮನೆ ಬಿಟ್ಟು ಬಂದವರ ಕಣ್ಣಿನಿಂದ.

ಇನ್ನು ಮಗಳು. ‘ನಮ್ಮೂರ ಗಿಳಿ’ ಎಂದಳಲ್ಲ, ತಿದ್ದಬೇಡಿ. ಅವಳು ಸುಳ್ಳು ಹೇಳಲಿಲ್ಲ. ಅವಳು ಹುಟ್ಟಿದ ಊರಿನಲ್ಲಿ ಅವಳಿಗಿಂತ ಐವತ್ತು ವರ್ಷ ಮೊದಲೇ ಗಿಳಿ ಇತ್ತು. ಅಜ್ಜಿ ಮನೆಯ ಬೇವಿನ ಮರದಲ್ಲಿ ಅವಳಿಗೂ ತನ್ನ ಊರಿನ ಗುರುತು ಸಿಕ್ಕಿತು. ನಿಮಗೆ ಹೇಗ್‌ನಲ್ಲಿ ಸಿಕ್ಕ ಹಾಗೇ. ಆ ರಾತ್ರಿ ನಿಮಗೆ ನಿದ್ದೆ ಬರದಿದ್ದುದು ನನಗೆ ಅರ್ಥವಾಗುತ್ತದೆ. ಮಗಳಿಗೆ ಮೋಕಾ ಪರಊರಾಯಿತು ಅನ್ನಿಸಿರಬೇಕು. ಆದರೆ ಅವಳು ಕೂಗಿದ್ದು ಕನ್ನಡದಲ್ಲಿ, ಅದೂ ‘ಬಂದಾವೆ’ ಎಂದು. ಆ ‘ಬಂದಾವೆ’ ನಿಮ್ಮ ಬಾಯಿಂದಲ್ಲದೆ ಇನ್ನೆಲ್ಲಿಂದ ಬರಬೇಕು?

ಒಂದು ಕೆಲಸ ಮಾಡಿ. ಜುಲೈನಲ್ಲಿ ಬಂದರೆ ಅವಳಿಗೆ ಕಾಣುವುದು ಬೇವಿನ ಹಣ್ಣು ತಿನ್ನುವ ಗಿಳಿ ಮಾತ್ರ. ಡಿಸೆಂಬರ್ ಕೊನೆಯಲ್ಲಿ ಅಲ್ಲಿ ಎರಡು ವಾರ ಶಾಲೆಗೆ ರಜೆ ಇರುತ್ತದಲ್ಲ, ಆಗ ಬನ್ನಿ. ಎಳ್ಳಮಾವಾಸ್ಯೆ ಆ ಆಸುಪಾಸಿನಲ್ಲೇ ಬರುತ್ತದೆ. ಹೊಲಕ್ಕೆ ಹೋಗಿ ಚರಗ ಚೆಲ್ಲಲಿ, ಅಲ್ಲೇ ಕೂತು ಉಣ್ಣಲಿ. ಬೇಗ ಬಿತ್ತಿದ ಹೊಲದಲ್ಲಿ ತೆನೆ ಹಾಲುಗಾಳಾಗಿದ್ದರೆ ಸೀತನಿ ಸುಟ್ಟು ಕೊಡಿ. ಗಿಳಿ ಬಂದರೆ ಓಡಿಸುವ ಕೆಲಸ ಅವಳಿಗೇ ಬಿಡಿ. ಅವಳು ಓಡಿಸುತ್ತಾಳೋ ಇಲ್ಲವೋ ನೋಡೋಣ.

ಕೊನೆಗೆ ರೊಟ್ಟಿ. ಪ್ಯಾಕೆಟ್ಟಿನ ಹಿಟ್ಟು ಹಳೆಯದಾಗಿರುತ್ತದೆ, ಜಿಗುಟು ಹೋಗಿರುತ್ತದೆ. ಅದಕ್ಕೇ ಹರಿಯುತ್ತದೆ. ಗೋಧಿಯಲ್ಲಿರುವ ಅಂಟು ಜೋಳದಲ್ಲಿಲ್ಲ. ಅದನ್ನು ಹಿಡಿದಿಡುವುದು ಎಸರೇ. ಬಿಸಿ ನೀರು ಸಾಲದು, ಕೊತಕೊತ ಕುದಿಯಬೇಕು. ಹಿಟ್ಟಿನ ನಡುವೆ ಗುಳಿ ಮಾಡಿ ಎಸರು ಹಾಕಿ, ಚಮಚದಲ್ಲಿ ಕಲಸಿ, ಐದು ನಿಮಿಷ ಮುಚ್ಚಿಡಿ. ಹಿಟ್ಟು ಅರೆಬರೆ ಬೆಂದು ಜಿಗುಟು ಬರುತ್ತದೆ. ಆಮೇಲೆ ಒಂದೊಂದು ರೊಟ್ಟಿಗಾಗುವಷ್ಟೇ ತೆಗೆದುಕೊಂಡು ಅಂಗೈಯಿಂದ ಚೆನ್ನಾಗಿ ನಾದಿ, ಕೂಡಲೇ ಬಡಿಯಿರಿ. ಹಂಚಿಗೆ ಹಾಕಿದ ಮೇಲೆ ಮೇಲ್ಭಾಗಕ್ಕೆ ಒದ್ದೆ ಬಟ್ಟೆಯಿಂದ ನೀರು ಸವರುವುದು ಮರೆಯಬೇಡಿ. ಕಾಳು ಸಿಕ್ಕರೆ ಇನ್ನೂ ಒಳ್ಳೆಯದು. ಮಿಕ್ಸಿಯಲ್ಲಿ ಬೀಸಿ, ಜರಡಿ ಹಿಡಿದು, ಅಂದೇ ಮಾಡಿ.

ಆ ಸುಡಾನಿನ ಅಕ್ಕನಿಗೂ ಎರಡು ರೊಟ್ಟಿ ಕಟ್ಟಿಕೊಡಿ. ಅವರ ಕಡೆ ಜೋಳದ ಹಿಟ್ಟನ್ನು ರಾತ್ರಿ ಹುಳಿಗೆ ಇಟ್ಟು, ಹಂಚಿನ ಮೇಲೆ ಕಾಗದದಷ್ಟು ತೆಳ್ಳಗೆ ಎಳೆದು ಕಿಸ್ರಾ ಮಾಡುತ್ತಾರೆ. ಒಂದು ದಿನ ಅವರ ಅಡುಗೆಮನೆಯಲ್ಲಿ ನಿಂತು ನೋಡಿ ಬನ್ನಿ. ಹಿ‌ಟ್ಟು ಎಷ್ಟು ನೀರಾಗಿರುತ್ತದೆ, ಎಷ್ಟು ಹೊತ್ತು ಹುಳಿಯಬೇಕು ಎಂದು ಬರೆದು ಕಳಿಸಿ. ನಮ್ಮ ಮನೆಯಲ್ಲಿ ಈ ಸಲದ ಹೊಸ ಜೋಳ ಬಂದ ಮೇಲೆ ಮಾಡಿ ನೋಡಬೇಕೆಂದಿದ್ದೇವೆ.

ನಿಮ್ಮ ಅಣ್ಣ,
ಸಂಪಾದಕ